ಓದದೆ ತಿದ್ದಿದ ಫೈಲು

ಹದ್ದಕ್ಕ ಎಂಬ ಹೆಸರು ಹೆತ್ತವರು ಇಟ್ಟದ್ದಲ್ಲ, ಆಫೀಸಿನವರು ಅಂಟಿಸಿದ್ದು. ಅಂಟಿಸಿದ ಮೇಲೆ ಅದು ಎಷ್ಟು ಗಟ್ಟಿಯಾಗಿ ಕೂತುಬಿಟ್ಟಿತೆಂದರೆ ಗೇಟಿನ ಕಾವಲುಗಾರ ಕೂಡ "ಏನ್ ಹದ್ದಕ್ಕಾ, ಇವತ್ತು ಬೇಗ?" ಎನ್ನುತ್ತಿದ್ದ, ಅವಳೂ ಹುಟ್ಟು ಹೆಸರಿಗೆ ತಿರುಗುವಂತೆ ತಿರುಗುತ್ತಿದ್ದಳು. ಹದ್ದಿಗೆ ಆಕಾಶದಿಂದ ಇಲಿ ಕಾಣುವ ಹಾಗೆ ಇವಳಿಗೆ ಮಾರುದ್ದದ ಫೈಲಿನಲ್ಲಿ ತಪ್ಪಿಹೋದ ಒಂದು ಕಾಮಾ ಕಾಣುತ್ತದೆ ಎಂಬುದು ಆ ಹೆಸರಿನ ಹಿಂದಿನ ಕಥೆ.

ಅವಳಿದ್ದದ್ದು ತರಕಾರಿ, ಮೀನು ಹೆಚ್ಚಿ, ತೊಳೆದು, ಹೆಪ್ಪುಗಟ್ಟಿಸಿ, ಪೊಟ್ಟಣ ಕಟ್ಟಿ ಕಳಿಸುವ ಕಾರ್ಖಾನೆಯಲ್ಲಿ. ಕೆಳಗೆ ಪ್ಯಾಕಿಂಗ್ ಹಾಲ್; ಅಲ್ಲಿ ಮಾತಾಡಿದರೆ ಬಾಯಿಂದ ಹೊಗೆ ಬರುವಷ್ಟು ಚಳಿ. ಕಬ್ಬಿಣದ ಮೆಟ್ಟಿಲು ಹತ್ತಿ ಮೇಲೆ ಬಂದರೆ ಯಂತ್ರಗಳಿಗೆ ಅಪ್ಪಣೆ ಕಳಿಸುವ ಕೋಣೆ. ಅಲ್ಲಿ ಕಂಪ್ಯೂಟರುಗಳ ಬಿಸಿಗೆ ಸ್ವೆಟರೂ ಬೇಡ. ಯಾವ ಶೀತಲ ಕೋಣೆ ಎಷ್ಟು ತಣ್ಣಗಿರಬೇಕು, ಯಾವ ಬೆಲ್ಟು ಎಷ್ಟು ಜೋರಾಗಿ ಓಡಬೇಕು, ಗೇಟಿನಲ್ಲಿ ಯಾರ ಕಾರ್ಡಿಗೆ ಹಸಿರು ದೀಪ, ಯಾರದಕ್ಕೆ ಕೆಂಪು, ಎಲ್ಲವೂ ಒಂದೊಂದು ಫೈಲು. ಬರೆಯುವವರು ಬೇರೆ, ಬರೆಸುವವರು ಬೇರೆ. ಬರೆದದ್ದರಲ್ಲಿ ಒಂದು ಬ್ರಾಕೆಟ್ ತೆರೆದು ಮುಚ್ಚದೆ ಬಿಟ್ಟಿದ್ದರೆ, ಒಂದು ಕಾಮಾ ಹೆಚ್ಚಾಗಿದ್ದರೆ, ಯಂತ್ರ ಇಡೀ ಫೈಲನ್ನೇ ಮುಖಕ್ಕೆ ಎಸೆದು ಹಳೆಯ ಅಪ್ಪಣೆಯನ್ನೇ ಹಿಡಿದುಕೊಂಡು ಕೂರುತ್ತದೆ. ಹಾಗೆ ಎಸೆಯದಂತೆ ಮೊದಲೇ ನೋಡಿ ಕಳಿಸುವುದು ಹದ್ದಕ್ಕನ ಕೆಲಸ.

ತಪ್ಪು ಹಿಡಿಯುವ ಸಾಫ್ಟ್‌ವೇರು ಆ ಕೋಣೆಯಲ್ಲೂ ಇತ್ತು. ಆದರೆ ಅದರ ಬುದ್ಧಿ ಅಷ್ಟಕ್ಕಷ್ಟೆ. ನಡುವೆ ಎಲ್ಲೋ ಒಂದು ಬ್ರಾಕೆಟ್ ತೆರೆದಿದ್ದರೆ, ಈಗ ಮುಚ್ಚುತ್ತಾರೆ ಆಗ ಮುಚ್ಚುತ್ತಾರೆ ಎಂದು ಕಾಯುತ್ತಾ ಕಾಯುತ್ತಾ ಕೊನೆಯ ಸಾಲಿಗೆ ಬಂದು, ಅಲ್ಲಿ ಕೂತು ಅಳುತ್ತದೆ. ಕಳೆದದ್ದು ಎಲ್ಲೋ, ಹುಡುಕುವುದು ಇನ್ನೆಲ್ಲೋ. ಹದ್ದಕ್ಕನ ದಾರಿಯೇ ಬೇರೆ. ಬ್ರಾಕೆಟ್ ತೆರೆದಲ್ಲಿ ಸಾಲನ್ನು ಬಲಕ್ಕೆ, ಮುಚ್ಚಿದಲ್ಲಿ ಎಡಕ್ಕೆ ಸರಿಸಿ ತಾನಾಗಿ ಜೋಡಿಸುವ ಗುಂಡಿ ಒತ್ತಿ, ಅಕ್ಷರಗಳನ್ನು ಕುಗ್ಗಿಸುತ್ತಾ ಹೋಗುತ್ತಿದ್ದಳು. ಅಕ್ಷರಗಳು ಇರುವೆಗಳಾಗಿ, ಇರುವೆಗಳು ಧೂಳಾಗಿ, ಕೊನೆಗೆ ಫೈಲು ಎಂದರೆ ಬರಿಯ ಒಂದು ಆಕಾರ: ಮೆಟ್ಟಿಲು ಇಳಿದು ಹತ್ತಿ, ಇಳಿದು ಹತ್ತಿ ಹೋಗುವ ಎಡಗಡೆಯ ಬಿಳಿಯ ದಂಡೆ. ಎಲ್ಲಿ ದಂಡೆ ಒಂದು ಹೆಜ್ಜೆ ಬಲಕ್ಕೆ ಸರಿದು ಮತ್ತೆ ಹಿಂದಕ್ಕೆ ಬರುವುದಿಲ್ಲವೋ ಅಲ್ಲೇ ಕಳ್ಳ. ಬೆರಳಿಟ್ಟು "ಇಲ್ಲಿ" ಎನ್ನುತ್ತಿದ್ದಳು. ಹಾಗೆಂದಾಗ ಅವಳ ಮುಖದಲ್ಲಿ ಒಂದು ಕಳೆ ಬರುತ್ತಿತ್ತು, ಅದನ್ನು ಅವಳೂ ಬಲ್ಲಳು.

"ಒಂದಕ್ಷರಾನೂ ಓದಲ್ವಲ್ಲ ನೀನು!" ಎಂದು ಹೊಸಬರು ಬೆರಗಾದರೆ, "ಓದೋದು ಬರೆದವರ ಕರ್ಮ. ನಂದು ಕಟ್ಟು ಸರಿಯಿದೆಯಾ ನೋಡೋದಷ್ಟೆ. ಮನೆ ಒಳಗೆ ಯಾರಿರ್ತಾರೆ ಅಂತ ಗಾರೆಯವನು ಕೇಳ್ತಾನಾ?" ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಕಾರ್ಖಾನೆಗೆ ಬೇಕಾದದ್ದೂ ಇಂಥ ಗಾರೆಯವರೇ ಎಂದು ಯಾರೂ ಹೇಳಲಿಲ್ಲ. ಹೇಳಬೇಕಾದವರು ಕೆಳಗೆ ಚಳಿಯಲ್ಲಿದ್ದರು.

ಕೆಳಗಿದ್ದವರಲ್ಲಿ ಅವಳ ತಂಗಿಯೂ ಒಬ್ಬಳು.

ಅಕ್ಕ ತಂಗಿ ಇಬ್ಬರೂ ಅಮ್ಮನ ಜೊತೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದರು. ಅಮ್ಮನೂ ಅದೇ ಪ್ಯಾಕಿಂಗ್ ಹಾಲ್‌ನಲ್ಲಿ ಆಯಸ್ಸು ಸವೆಸಿದವಳು. ಚಳಿ ಅವಳ ಬೆರಳ ತುದಿಗಳನ್ನು ತಿಂದುಹಾಕಿತ್ತು. ಸೂಜಿ ಚುಚ್ಚಿದರೂ ಗೊತ್ತಾಗುತ್ತಿರಲಿಲ್ಲ, ಬಿಸಿ ಪಾತ್ರೆ ಹಿಡಿದರೂ ಗೊತ್ತಾಗುತ್ತಿರಲಿಲ್ಲ. ಒಲೆಯ ಹತ್ತಿರ ಅವಳನ್ನು ಬಿಡಬಾರದೆಂದು ಇಬ್ಬರೂ ಮಕ್ಕಳು ಸರದಿಯಂತೆ ಅಡುಗೆ ಮಾಡುತ್ತಿದ್ದರು. ಈಗ ತಂಗಿಯ ಬೆರಳುಗಳೂ ಬೆಳಗ್ಗೆ ಎದ್ದಾಗ ಬೆಳ್ಳಗಾಗಿರುತ್ತಿದ್ದವು.

ಪ್ಯಾಕಿಂಗ್ ಹಾಲ್‌ನ ಹೆಂಗಸರು ಕೇಳಿದ್ದು ಅರಮನೆಯನ್ನಲ್ಲ. ಒಂದು ಬೆಚ್ಚನೆಯ ಕೋಣೆ, ನಡುನಡುವೆ ಅಲ್ಲಿ ಕೂತು ಕೈ ಕಾಯಿಸಿಕೊಳ್ಳಲು ಬಿಡುವು, ಅಷ್ಟೆ. ಒಬ್ಬೊಬ್ಬರಾಗಿ ಕೇಳಿದಾಗ ಆಡಳಿತದವರು "ನೋಡೋಣ" ಎಂದರು. ಗುಂಪಾಗಿ ಕೇಳಿದಾಗ "ನಿಮ್ಮನ್ನ ಕೇಳೋಕೆ ಹೇಳಿದ್ಯಾರು?" ಎಂದರು. ಹಾಗಾಗಿ ಸಂಘ ಕಟ್ಟಿದರು. ಸಂಘ ಬೇಕೋ ಬೇಡವೋ ಎಂದು ಊಟದ ಹಾಲ್‌ನಲ್ಲಿ ಕಾರ್ಮಿಕ ಅಧಿಕಾರಿಯ ಎದುರು ಮತ ಹಾಕಿಸುವುದೆಂದು ತೀರ್ಮಾನವಾಯಿತು. ಒಂದೇ ಷರತ್ತು: ಆ ದಿನ ಬೆಳಗ್ಗೆ ಕಾರ್ಡು ತೋರಿಸಿ ಗೇಟಿನ ಒಳಗೆ ಬಂದವರಿಗೆ ಮಾತ್ರ ಮತ. ಹೊರಗಿನವರು ನುಗ್ಗಬಾರದೆಂಬ ಕಾಳಜಿ ಎಂದಿತು ಆಡಳಿತ. ಕಾಳಜಿ ಎಂಬ ಮಾತು ಅವರ ಬಾಯಲ್ಲಿ ಬಂದಾಗಲೇ ಎಲ್ಲರೂ ಎಚ್ಚರವಾಗಬೇಕಿತ್ತು.

ಮತದ ದಿನ ಬೆಳಗ್ಗೆ ತಂಗಿ ಕನ್ನಡಿಯ ಮುಂದೆ ನಿಂತು, ಯಾರದೋ ಮದುವೆಗೆ ಹೊರಟವರ ಹಾಗೆ ಜಡೆ ಹೆಣೆದುಕೊಳ್ಳುತ್ತಿದ್ದಳು.

"ಏನೇ ಇಷ್ಟು ಸಿಂಗಾರ? ಆ ಟೋಪಿ ಒಳಗೆ ಜಡೆ ಯಾರಿಗೆ ಕಾಣುತ್ತೆ?" ಎಂದಳು ಹದ್ದಕ್ಕ.

"ನನಗೆ ಗೊತ್ತಿದ್ರೆ ಸಾಕು. ಅಕ್ಕಾ, ಲೆಕ್ಕ ಹಾಕಿ ನೋಡಿದೀವಿ. ನಮ್ಮ ಪ್ಯಾಕಿಂಗ್ ಲೈನಿನವರು ಅಷ್ಟೂ ಜನ ಒಳಗೆ ಕಾಲಿಟ್ರೆ ಗೆದ್ದ ಹಾಗೆ. ಒಳಗೆ ಕಾಲಿಡೋದೊಂದೇ ಬಾಕಿ."

"ಕಾಲಿಡದೆ ಏನು, ದಿನಾ ಇಡಲ್ವಾ?"

ಮೂಲೆಯಲ್ಲಿ ಕೂತಿದ್ದ ಅಮ್ಮ, "ನನ್ನ ಕಾಲದಲ್ಲಿ ಬೆಚ್ಚನೆ ಕೋಣೆ ಅಂದಿದ್ರೆ ಬಾಯ್ಲರ್ ಒಳಗೆ ಹೋಗಿ ಕೂತ್ಕೋ ಅಂತಿದ್ರು," ಎಂದಳು. "ಹೋಗ್ರೇ, ಹೋಗಿ ಗೆದ್ದು ಬನ್ನಿ. ಗೆದ್ದ ಮೇಲೆ ನನ್ನನ್ನೂ ಒಂದ್ಸಲ ಆ ಕೋಣೇಲಿ ಕೂರಿಸಿ. ಈ ಬೆರಳಿಗೆ ಗೊತ್ತಾಗಲ್ಲ, ಬೆನ್ನಿಗಾದ್ರೂ ಗೊತ್ತಾಗುತ್ತೆ."

ತಂಗಿ ಲೈನಿನವರನ್ನು ಕೂಡಿಕೊಂಡು ನಡೆದು ಬರುವವಳಿದ್ದಳು. ಹದ್ದಕ್ಕ ಬಸ್ಸು ಹಿಡಿದು ಮುಂಚೆ ಹೋದಳು.

ಮೆಟ್ಟಿಲು ಹತ್ತಿ ಬಾಗಿಲು ತೆಗೆಯುವಾಗಲೇ ಮೇಲಿನ ಕೋಣೆ ಕುದಿಯುತ್ತಿತ್ತು. ಸೂಪರ್‌ವೈಸರ್ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಅವನನ್ನು ಎಲ್ಲರೂ ಹಿಂದಿನಿಂದ ಗಡಿಯಾರ ಎಂದು ಕರೆಯುತ್ತಿದ್ದರು. ಮಾತಿಗೊಮ್ಮೆ ಮಣಿಕಟ್ಟು ತಿರುಗಿಸಿ ನೋಡಿಕೊಳ್ಳುವ ಅಭ್ಯಾಸ ಅವನದು. ಗೇಟಿನ ಫೈಲು ಬರೆಯುವ ಉದ್ದಣ್ಣ ತನ್ನ ಉದ್ದ ಬೆನ್ನನ್ನು ಗೂನು ಮಾಡಿಕೊಂಡು ಪರದೆಗೆ ಮುಖ ಕೊಟ್ಟಿದ್ದ. ಗಡಿಯಾರ ಅವನ ಕುರ್ಚಿಯ ಬೆನ್ನನ್ನೇ ಹಿಡಿದು ನಿಂತಿದ್ದ.

"ಇನ್ನೂ ಸಿಗಲಿಲ್ವೇನಯ್ಯಾ?"

"ಹುಡುಕ್ತಾ ಇದೀನಿ ಸಾರ್. ಕೊನೇ ಸಾಲಲ್ಲಿ ತಪ್ಪು ಅಂತ ತೋರಿಸ್ತಿದೆ, ಅಲ್ಲಿ ನೋಡಿದ್ರೆ ಏನೂ ಇಲ್ಲ. ಮೇಲಿಂದ ಒಂದೊಂದೇ ಸಾಲು ನೋಡ್ಕೊಂಡು ಬರ್ಬೇಕು. ದೊಡ್ಡ ಫೈಲು. ಹೊತ್ತಾಗುತ್ತೆ."

"ಹೊತ್ತಾಗುತ್ತೆ ಅಂತೆ! ಬೆಲ್ ಹೊಡೆಯೋದ್ರೊಳಗೆ ಇದು ಗೇಟಿಗೆ ಹೋಗ್ಲಿಲ್ಲ ಅಂದ್ರೆ ನಿನ್ನೆಯ ಫೈಲೇ ನಡೆಯುತ್ತೆ. ಆಗ ನನ್ನ ತಲೆ, ನಿನ್ನ ತಲೆ ಎರಡೂ ಹೋಗುತ್ತೆ." ಅಷ್ಟರಲ್ಲಿ ಹದ್ದಕ್ಕನನ್ನು ಕಂಡ ಗಡಿಯಾರನ ಮುಖ ಅರಳಿತು. "ಬಾರಮ್ಮಾ, ಬಾ! ದೇವರು ಬಂದ ಹಾಗೆ ಬಂದೆ. ಏಳಯ್ಯಾ ನೀನು, ಎದ್ದು ಜಾಗ ಬಿಡು."

ಉದ್ದಣ್ಣ ಏಳಲಿಲ್ಲ. "ಅಕ್ಕ ಈಗ ತಾನೇ ಬಂದಿದಾಳೆ ಸಾರ್. ಟೀ ಕುಡೀಲಿ. ನಾನೇ ನೋಡ್ತೀನಿ."

"ಟೀ ಆಮೇಲೆ ನಾನೇ ಕುಡಿಸ್ತೀನಿ. ಏಳು ಅಂದ್ರೆ ಏಳು."

ಉದ್ದಣ್ಣ ಎದ್ದ. ಎದ್ದವನು ಕುರ್ಚಿಯನ್ನು ಹದ್ದಕ್ಕನ ಕಡೆ ತಳ್ಳುತ್ತಾ, ಅವಳ ಮುಖವನ್ನೇ ನೋಡುತ್ತಾ, "ನಿಧಾನವಾಗಿ ನೋಡಕ್ಕಾ. ಒಂದೊಂದೇ ಸಾಲು ಓದ್ಕೊಂಡು ಬಾ," ಎಂದ.

ತನ್ನ ಕಸುಬನ್ನು ಹಂಗಿಸುತ್ತಿದ್ದಾನೆ ಎಂದುಕೊಂಡಳು ಹದ್ದಕ್ಕ. "ಒಂದೊಂದೇ ಸಾಲು ಓದೋಕೆ ನಾನೇನು ಒಂದನೇ ಕ್ಲಾಸಾ?" ಎಂದು ನಕ್ಕು ಕೂತಳು. ಬ್ಯಾಗು ಇನ್ನೂ ಹೆಗಲಲ್ಲೇ ಇತ್ತು. ಗುಂಡಿ ಒತ್ತಿದಳು, ಸಾಲುಗಳು ಜೋಡಿಕೊಂಡವು. ಅಕ್ಷರ ಕುಗ್ಗಿಸಿದಳು. ಇರುವೆಯಾಯಿತು. ಧೂಳಾಯಿತು. ಬಿಳಿಯ ದಂಡೆ ಇಳಿದು ಹತ್ತಿ, ಇಳಿದು ಹತ್ತಿ ಕಣ್ಣ ಮುಂದೆ ಜಾರಿತು. ಹಿಂದಿನಿಂದ ಗಡಿಯಾರನ ಉಸಿರು ಕತ್ತಿಗೆ ತಾಗುತ್ತಿತ್ತು. ಅವಳಿಗೆ ಅದೂ ಒಂದು ಹುರುಪೇ. ಎಲ್ಲರೂ ಕೈಚೆಲ್ಲಿ ನಿಂತಾಗ ತನ್ನನ್ನು ಕರೆಯುತ್ತಾರೆ ಎಂಬ ಹುರುಪು. ಆ ಹುರುಪಿನಲ್ಲಿ, ಬೆಲ್ ಹೊಡೆಯುವ ಮುಂಚೆಯೇ ಹೋಗಬೇಕಾದ ಅಂಥ ಹೊಸದೇನಿದೆ ಈ ಫೈಲಿನಲ್ಲಿ ಎಂಬ ಪ್ರಶ್ನೆ ಅವಳ ತಲೆಯ ಪಕ್ಕದಲ್ಲೇ ಹಾದುಹೋಯಿತು. ಹಾದುಹೋಗಲಿ ಎಂದು ದಾರಿ ಬಿಟ್ಟವಳು ಅವಳೇ.

"ಇಲ್ಲಿ," ಎಂದಳು.

ದಂಡೆ ಒಂದು ಹೆಜ್ಜೆ ಬಲಕ್ಕೆ ಸರಿದು ಹಾಗೇ ಉಳಿದಿತ್ತು. ಕರ್ಸರನ್ನು ಅಲ್ಲಿಗೆ ಒಯ್ದಳು, ಮುಚ್ಚುವ ಬ್ರಾಕೆಟ್ ಹಾಕಿದಳು, ಪಕ್ಕಕ್ಕೊಂದು ಕಾಮಾ. ದಂಡೆ ತಟ್ಟನೆ ಎಡಕ್ಕೆ ಸರಿದು ನೆಟ್ಟಗಾಯಿತು. ತಪ್ಪು ಹಿಡಿಯುವ ಸಾಫ್ಟ್‌ವೇರು ಹಸಿರು ಬಣ್ಣದಲ್ಲಿ "ಸರಿಯಿದೆ" ಎಂದಿತು. ಯಾರಿಗೆ ಸರಿ ಎಂದು ಅದು ಹೇಳುವುದಿಲ್ಲ, ಕೇಳುವ ಬಾಯಿಯೂ ಅದಕ್ಕಿಲ್ಲ. ಬಾಯಿ ಇದ್ದವರು ಆ ಕೋಣೆಯಲ್ಲಿ ಮೂವರಿದ್ದರು.

"ಶಭಾಷ್!" ಗಡಿಯಾರ ಅವಳ ಭುಜದ ಮೇಲಿಂದಲೇ ಕೈ ಚಾಚಿ ಕಳಿಸುವ ಗುಂಡಿ ಒತ್ತಿದ, ತನ್ನ ಬೀಗದ ನಂಬರು ಹೊಡೆದ. "ಹೋಯ್ತು. ಇನ್ನು ನಾಳೆ ಬೆಳಗ್ಗೆವರೆಗೂ ಯಾರೂ ಮುಟ್ಟೋ ಹಾಗಿಲ್ಲ. ಏನಯ್ಯಾ ಉದ್ದ, ನೋಡಿದ್ಯಾ? ಕಣ್ಣು ಅಂದ್ರೆ ಇದು!"

ಉದ್ದಣ್ಣ ಗೋಡೆಗೆ ಒರಗಿ ನಿಂತಿದ್ದ. ಜ್ವರ ಬಂದವನ ಮುಖ.

ಬೆಲ್ ಹೊಡೆಯಿತು. ಗಡಿಯಾರ ದಡದಡನೆ ಮೆಟ್ಟಿಲಿಳಿದು ಹೋದ. ಸ್ವಲ್ಪ ಹೊತ್ತಿಗೆ ಹೊರಗಿನಿಂದ ಗದ್ದಲ ಕೇಳಿತು. ಪರದೆಗೆ ಬಿಸಿಲು ಬೀಳದಿರಲೆಂದು ಸದಾ ಇಳಿಬಿಟ್ಟಿರುತ್ತಿದ್ದ ಕಿಟಕಿಯ ಪಟ್ಟಿಗಳನ್ನು ಹದ್ದಕ್ಕ ಬೆರಳಿಂದ ಸರಿಸಿ ನೋಡಿದಳು. ಗೇಟಿನ ಹೊರಗೆ ಹೆಂಗಸರ ಹಿಂಡು. ಒಬ್ಬೊಬ್ಬರೇ ಮುಂದೆ ಬಂದು ಕಾರ್ಡು ಒತ್ತುವುದು, ಕೆಂಪು ದೀಪ. ಕಾರ್ಡನ್ನು ಸೆರಗಿಗೆ ಒರೆಸಿ ಮತ್ತೆ ಒತ್ತುವುದು, ಮತ್ತೆ ಕೆಂಪು. ಕಾವಲುಗಾರ ಕೈ ಆಡಿಸುತ್ತಿದ್ದ. ಎಲ್ಲರೂ ಪ್ಯಾಕಿಂಗ್ ಲೈನಿನವರು. ಎಲ್ಲರ ಮುಂದೆ ನಿಂತು ಗೇಟಿನ ಸರಳು ಹಿಡಿದವಳ ಜಡೆ ಇಷ್ಟು ದೂರಕ್ಕೂ ಗುರುತು ಸಿಕ್ಕಿತು.

ಹದ್ದಕ್ಕ ಕಿಟಕಿಯಿಂದ ತಿರುಗಿದಳು. "ಉದ್ದಣ್ಣಾ, ಆ ಫೈಲಲ್ಲಿ ಏನಿತ್ತು?"

"ಈಗ ಕೇಳ್ತೀಯಾ?"

"ಏನಿತ್ತು ಹೇಳೋ!"

"ಏನಿತ್ತು ಅಂತ ಅಲ್ಲಿ ಕಾಣ್ತಿಲ್ವಾ?" ಅವನು ಕಿಟಕಿಯ ಕಡೆ ಗಲ್ಲ ತೋರಿಸಿದ. "ಬೆಳಗ್ಗೆ ಬಂದ ಕೂಡಲೇ ಗಡಿಯಾರ ಪಕ್ಕದಲ್ಲಿ ನಿಂತು ಬರೆಸಿದ. ಬರೆಯಲ್ಲ ಅಂದಿದ್ರೆ ಬೇರೆ ಯಾರ ಕೈಲೋ ಬರೆಸ್ತಿದ್ದ. ಬರೆದೆ. ಒಂದು ಬ್ರಾಕೆಟ್ ಮುಚ್ಚದೆ ಬಿಟ್ಟೆ. ಬೆಲ್ ಆಗೋವರೆಗೂ ಹುಡುಕ್ತಾ ಕೂತ್ಕೊಂಡ್ರೆ ನಿನ್ನೆ ಫೈಲೇ ನಡೆಯುತ್ತೆ, ಎಲ್ಲರೂ ಒಳಗೆ ಬರ್ತಾರೆ ಅಂದ್ಕೊಂಡೆ."

"ನನಗೆ ಒಂದು ಮಾತು ಹೇಳೋಕೇನಾಗಿತ್ತು?"

"ಹೇಗೆ ಹೇಳ್ಲಿ, ಅವನು ಕುರ್ಚಿ ಹಿಡ್ಕೊಂಡು ನಿಂತಿರೋವಾಗ? ಓದ್ಕೊಂಡು ಬಾ ಅಂದೆನಲ್ಲ. ಅಕಸ್ಮಾತ್ ನಿನ್ನ ಕೈಗೆ ಬಿದ್ರೂ ಇರ್ಲಿ ಅಂತ ಎಲ್ಲಿ ಬಿಟ್ಟಿದ್ದೆ ಗೊತ್ತಾ? ನಿನ್ನ ತಂಗಿ ಹೆಸರಿನ ಕೆಳಗೆ. ಅವಳ ಹೆಸರು ಕಂಡ ಮೇಲೆ ಅಕ್ಕನ ಕೈ ಮುಂದೆ ಹೋಗಲ್ಲ ಅಂದ್ಕೊಂಡಿದ್ದೆ. ನೀನು ಅವಳ ಹೆಸರಿನ ಪಕ್ಕಾನೇ ಬೆರಳಿಟ್ಟು 'ಇಲ್ಲಿ' ಅಂದೆ."

ಹದ್ದಕ್ಕ ಓಡಿ ಕೆಳಗಿಳಿದಳು. ಮೆಟ್ಟಿಲ ಬುಡದಲ್ಲೇ ಗಡಿಯಾರ ಸಿಕ್ಕ. "ಸಾರ್, ನನ್ನ ತಂಗಿ ಹೊರಗೆ ನಿಂತಿದಾಳೆ," ಎಂದಳು. "ಯಂತ್ರ ಬೇಡ ಅಂದ್ರೆ ನಾನೇನು ಮಾಡ್ಲಮ್ಮಾ? ಚಳಿಗೆ ಗೇಟು ಕೆಟ್ಟಿರ್ಬೇಕು. ಮಧ್ಯಾಹ್ನದ ಹೊತ್ತಿಗೆ ಸರಿಹೋಗುತ್ತೆ," ಎಂದು ಮಣಿಕಟ್ಟು ತಿರುಗಿಸಿ ನೋಡಿಕೊಂಡ. ಮಧ್ಯಾಹ್ನದ ಹೊತ್ತಿಗೆ ಮತದಾನ ಮುಗಿದಿತ್ತು. ಸಂಘ ಸೋತಿತ್ತು. ಸಂಜೆಯ ಹೊತ್ತಿಗೆ ಉದ್ದಣ್ಣನ ಕೆಲಸವೂ ಹೋಗಿತ್ತು. ಬೆಳಗಿನ ಆ ಬ್ರಾಕೆಟ್ ತಾನಾಗಿ ಬಿದ್ದುಹೋದದ್ದಲ್ಲ ಎಂಬುದು ಗಡಿಯಾರನಿಗೆ ಅರ್ಥವಾಗಲು ಅಷ್ಟು ಹೊತ್ತು ಸಾಕಾಗಿತ್ತು.

ಮನೆಗೆ ಹೋಗುವ ದಾರಿಯುದ್ದಕ್ಕೂ ಹೇಗೆ ಹೇಳಲಿ, ಎಲ್ಲಿಂದ ಶುರುಮಾಡಲಿ ಎಂದು ಹದ್ದಕ್ಕ ಮಾತು ಜೋಡಿಸಿದಳು, ಕಿತ್ತಳು, ಮತ್ತೆ ಜೋಡಿಸಿದಳು. ಆ ಕಷ್ಟ ಅವಳಿಗೆ ಬೇಕಿರಲಿಲ್ಲ. ತಂಗಿಗೆ ಆಗಲೇ ಗೊತ್ತಿತ್ತು.

"ನಿಮ್ಮ ಗಡಿಯಾರಾನೇ ಗೇಟಿನ ಹತ್ರ ಬಂದು ಹೇಳಿದ," ಎಂದಳು ತಂಗಿ, ಕೈಯಲ್ಲಿದ್ದ ಈರುಳ್ಳಿಯಿಂದ ಕಣ್ಣೆತ್ತದೆ. "'ನಿಮ್ಮಕ್ಕನ್ನ ನೋಡಿ ಕಲೀರಿ, ಎಷ್ಟು ನಿಯತ್ತು' ಅಂದ. ಗಂಟಲಕ್ಕ ಉಗಿದಳು ಅವನಿಗೆ. ನಾನು ಸುಮ್ಮನಿದ್ದೆ."

ಗಂಟಲಕ್ಕ ಎಂದರೆ ಲೈನಿನ ಹಿರಿಯ ಹೆಂಗಸು, ಬೆಲ್ಟಿನ ಸದ್ದನ್ನೂ ಮೀರಿಸುವ ಗಂಟಲಿನವಳು.

"ನಾನು ಓದಿರಲಿಲ್ಲ ಕಣೇ. ನಿನ್ನಾಣೆ. ಒಂದಕ್ಷರಾನೂ ನೋಡಿರಲಿಲ್ಲ."

"ಗೊತ್ತು. ಅದೇ ನನ್ನ ಸಂಕಟ." ತಂಗಿ ಚಾಕು ಕೆಳಗಿಟ್ಟಳು. "ನೋಡಿಯೂ ಮುಚ್ಚಿದ್ದಿದ್ರೆ ನಿನ್ನ ಜುಟ್ಟು ಹಿಡಿದು ಜಗಳ ಆಡ್ತಿದ್ದೆ. ನೋಡ್ಲೇ ಇಲ್ಲ ಅಂದ್ರೆ ಯಾರ ಜೊತೆ ಜಗಳ ಆಡ್ಲಿ ಹೇಳು?"

ಅಮ್ಮ ಒಬ್ಬಳ ಮುಖ ಬಿಟ್ಟು ಇನ್ನೊಬ್ಬಳ ಮುಖ ನೋಡಿದಳು. ಎದ್ದು ಒಲೆಯ ಕಡೆ ಹೊರಟಳು, ಇಬ್ಬರೂ ಒಟ್ಟಿಗೆ "ಅಮ್ಮಾ, ಕೂತ್ಕೋ!" ಎಂದು ಕೂಗಿದರು. ಆ ರಾತ್ರಿ ಇಬ್ಬರೂ ಒಕ್ಕೊರಲಿನಿಂದ ಆಡಿದ ಮಾತು ಅದೊಂದೇ.

ಮಲಗುವ ಮುಂಚೆ ತಂಗಿ ಹೇಳಿದಳು: "ಫಲಿತಾಂಶಕ್ಕೆ ಸಹಿ ಹಾಕೋ ಮುಂಚೆ ಅಧಿಕಾರಿ ನಾಳೆ ನಮ್ಮ ತಕರಾರು ಕೇಳ್ತಾರಂತೆ. ನಮ್ಮನ್ನ ತಡೆಯೋಕೆ ಅಂತಾನೇ ಫೈಲು ಬರೆಸಿದ್ರು ಅಂತ ಸಾಬೀತಾದ್ರೆ ಮತದಾನ ಮತ್ತೆ ಮಾಡಿಸ್ತಾರೆ. ಉದ್ದಣ್ಣ ಹೇಳ್ತಾನೆ. ಕೆಲಸ ಹೋದ ಸಿಟ್ಟಿಗೆ ಹೇಳ್ತಿದಾನೆ ಅಂತಾರೆ ಇವರು. ಅವನ ಮಾತಿಗೆ ಇನ್ನೊಬ್ಬರ ಮಾತು ಬೇಕು. ನೀನು ಬಂದು, ಆ ಫೈಲು ಓದಿದ್ದೆ, ಅದರಲ್ಲಿ ನಮ್ಮ ಹೆಸರೆಲ್ಲ ಇತ್ತು ಅಂತ ಹೇಳು. ಅಷ್ಟೇ ಸಾಕು."

"ಓದಿಲ್ವಲ್ಲೇ."

"ಓದಬೇಕಿತ್ತು. ಈಗ ಓದಿದ್ದೆ ಅನ್ನು."

ಹದ್ದಕ್ಕ ಹೂಂ ಎಂದಳು. ಇಷ್ಟಾದರೂ ಮಾಡಬಹುದಲ್ಲ ಎಂದು ಅವಳಿಗೆ ಅಂದು ಮೊದಲ ಸಲ ಉಸಿರು ಬಂತು. ಹೌದು ಎನ್ನುವ ಒಂದು ಮಾತಿಗೆ ತಾಲೀಮು ಯಾಕೆಂದು, ಫೈಲಿನಲ್ಲಿ ಏನೇನು ಬರೆದಿತ್ತೆಂದು ಉದ್ದಣ್ಣನನ್ನು ಅವಳೂ ಕೇಳಲಿಲ್ಲ, ತಂಗಿಯೂ ಕೇಳಲಿಲ್ಲ.

ಕಾರ್ಮಿಕ ಅಧಿಕಾರಿಯ ಕೋಣೆಯಲ್ಲಿ ಫ್ಯಾನು ಕರಕರ ಎನ್ನುತ್ತಿತ್ತು. ಅಧಿಕಾರಿ ಕನ್ನಡಕ ಹಾಕಿದ ನಡುವಯಸ್ಸಿನ ಹೆಂಗಸು. ದನಿ ಎತ್ತದೆ ಮಾತಾಡುವವಳು. ಉದ್ದಣ್ಣನನ್ನು ಮೊದಲು ಒಬ್ಬನನ್ನೇ ಕೂರಿಸಿ ಹೇಳಿಕೆ ಬರೆದುಕೊಂಡು, ಹೊರಗೆ ಕಳಿಸಿ, ಆಮೇಲೆ ಹದ್ದಕ್ಕನನ್ನು ಕರೆದಳು. ಒಂದು ಬೆಂಚಿನಲ್ಲಿ ಗಡಿಯಾರ ಮತ್ತು ಕಾರ್ಖಾನೆಯ ವಕೀಲ. ಇನ್ನೊಂದರಲ್ಲಿ ತಂಗಿ, ಗಂಟಲಕ್ಕ.

"ಪಟ್ಟಿ ಗಿಟ್ಟಿ ಏನೂ ಇರಲಿಲ್ಲ ಮೇಡಂ," ಎಂದ ವಕೀಲ. "ದಿನಾ ಹೋಗೋ ಹಾಗೆ ಒಂದು ಫೈಲು ಹೋಗಿದೆ. ಗೇಟು ಕೆಟ್ಟಿತ್ತು. ಮರುದಿನದ ಫೈಲು ಬಂದ ಮೇಲೆ ಹಳೇದು ಅಳಿಸಿಹೋಗುತ್ತೆ, ಅದು ಯಂತ್ರದ ರೀತಿ."

"ಕೆಟ್ಟ ಗೇಟು ಆರಿಸಿ ಆರಿಸಿ ನಮ್ಮ ಲೈನಿನವರನ್ನೇ ತಡೀತಲ್ಲಪ್ಪಾ! ಎಷ್ಟು ಬುದ್ಧಿವಂತ ಗೇಟು! ಅದನ್ನೇ ಮ್ಯಾನೇಜರ್ ಮಾಡಿ," ಎಂದಳು ಗಂಟಲಕ್ಕ. ಅಧಿಕಾರಿ ತುಟಿ ಕಚ್ಚಿಕೊಂಡು ನಗು ತಡೆದು, ಸುಮ್ಮನಿರುವಂತೆ ಕೈ ಮಾಡಿದಳು.

"ಆ ಫೈಲು ಸರಿಮಾಡಿದ್ದು ನೀವೇ?"

"ಹೌದು ಮೇಡಂ."

"ಇವರ ಪ್ರವೇಶ ತಡೆಯೋಕೆ ಅದರಲ್ಲಿ ಬರೆದಿತ್ತಾ?"

"ಬರೆದಿತ್ತು."

"ನೀವು ಓದಿದ್ರಾ?"

ತಂಗಿಯ ಮುಖ ಅವಳಿಗೆ ಕಾಣುತ್ತಿತ್ತು. "ಓದಿದೆ."

ಗಡಿಯಾರ ಬೆಂಚಿನಲ್ಲಿ ಅಲುಗಾಡಿದ. ಅಧಿಕಾರಿ ಮುಂದೆ ಬಾಗಿದಳು. ಅವಳ ದನಿಯಲ್ಲಿ ಮೆದುವಿತ್ತು. ಒಳ್ಳೆಯದಾಗಲಿ ಎಂದೇ ಕೇಳುತ್ತಿದ್ದಳು. "ನಿಮ್ಮ ತಂಗಿ ಹೆಸರಿನ ಹತ್ರಾನೇ ತಿದ್ದಿದ್ರಂತೆ. ಹಾಗಾದ್ರೆ ಒಂದೇ ಒಂದು ಹೇಳಿ. ತಡೆಯೋಕೆ ಏನು ಕಾರಣ ಅಂತ ಹಾಕಿತ್ತು? ಆ ಹುಡುಗ ಒಂದು ಕಾರಣ ಹೇಳಿದಾನೆ. ನಿಮ್ಮದೂ ಅದೇ ಆದ್ರೆ ನಾನು ಇವತ್ತೇ ಮತದಾನ ರದ್ದು ಮಾಡ್ತೀನಿ."

ಹದ್ದಕ್ಕ ಕಣ್ಣು ಮುಚ್ಚಿಕೊಂಡಳು. ಆ ಸಾಲನ್ನು ಅವಳು ಕಂಡಿದ್ದಳು, ಅದರ ತುದಿಯಲ್ಲೇ ಕರ್ಸರ್ ಮಿಣುಕಿತ್ತು. ನೆನಪಿನೊಳಗೆ ಎಷ್ಟು ಇಣುಕಿದರೂ ಅಲ್ಲಿದ್ದದ್ದು ಬಿಳಿಯ ಧೂಳು. ಗೇಟಿನಲ್ಲಿ ಸಾಮಾನ್ಯವಾಗಿ ಏನು ಹೇಳಿ ಜನರನ್ನು ನಿಲ್ಲಿಸುತ್ತಾರೆಂದು ನೆನಪು ಮಾಡಿಕೊಂಡು, ಎದೆ ಗಟ್ಟಿಮಾಡಿ ಹೇಳಿದಳು: "ಕಾರ್ಡಿನ ಅವಧಿ ಮುಗಿದಿದೆ ಅಂತ."

ಅಧಿಕಾರಿ ಕಾಗದ ನೋಡಿದಳು. ಕನ್ನಡಕ ತೆಗೆದಳು. "ಇನ್ನೊಮ್ಮೆ ಯೋಚನೆ ಮಾಡಿ."

ಯೋಚಿಸಲು ಏನಿತ್ತು? "ಓದಿಲ್ಲ ಮೇಡಂ," ಎಂದಳು ಹದ್ದಕ್ಕ. "ಓದಿದ್ದೆ ಅಂದದ್ದು ಸುಳ್ಳು. ಫೈಲು ಇದ್ದದ್ದು ನಿಜ. ನಾನೇ ಮುಚ್ಚಿದ್ದೂ ನಿಜ. ಅವನು ಹೇಳಿದ್ದೆಲ್ಲ ನಿಜ ಇರುತ್ತೆ ಮೇಡಂ, ಅವನು ಸುಳ್ಳು ಹೇಳಲ್ಲ."

"ಒಬ್ಬ ಸಾಕ್ಷಿ ಕೆಲಸ ಕಳಕೊಂಡವನು," ಎಂದು ವಕೀಲ ಎದ್ದು ನಿಂತ. "ಇನ್ನೊಬ್ಬರು ಸುಳ್ಳು ಹೇಳಿದೆ ಅಂತ ತಾವೇ ಒಪ್ಪಿಕೊಂಡವರು. ಇಬ್ಬರೂ ಸೇರಿ ಕಥೆ ಕಟ್ಟಿದಾರೆ ಅಂತ ಇದಕ್ಕಿಂತ ಚೆನ್ನಾಗಿ ನಾನು ಹೇಳೋಕಾಗಲ್ಲ ಮೇಡಂ."

ಅಧಿಕಾರಿ ಕನ್ನಡಕ ಮತ್ತೆ ಹಾಕಿಕೊಂಡು, ಫಲಿತಾಂಶಕ್ಕೆ ಸಹಿ ಹಾಕಿದಳು.

ಹೊರಗೆ ಮೆಟ್ಟಿಲ ಮೇಲೆ ಉದ್ದಣ್ಣ ಕಾಯುತ್ತಿದ್ದ. ಮುಖಗಳನ್ನು ನೋಡಿಯೇ ಅವನಿಗೆ ತಿಳಿಯಿತು. "ರಜೆ ಅಂತ ಬರೆಸಿದ್ರು," ಎಂದ. "ಎಲ್ಲರ ಹೆಸರಿನ ಮುಂದೇನೂ. ತಾವೇ ಕೇಳಿ ರಜೆ ಹಾಕಿದ ಹಾಗೆ."

"ನಾನು ರಜೆ ಕೇಳಿದ್ನಾ?" ಗಂಟಲಕ್ಕನ ದನಿಗೆ ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿದರು. "ನನ್ನ ಮಗಳ ಬಾಣಂತನಕ್ಕೇ ಒಂದು ದಿನ ಕೊಡಲಿಲ್ಲ, ಪಾಪಿಗಳು! ಕೇಳದೆ ಕೊಟ್ಟದ್ದು ನೋಡು ಇದೊಂದೇ!" ಎಂದವಳು, ಹದ್ದಕ್ಕನ ಕಡೆ ತಿರುಗಿ ಇನ್ನೇನೋ ಅನ್ನಲು ಬಾಯಿ ತೆರೆದಳು. ಅನ್ನಲಿಲ್ಲ. ಸೆರಗು ಸಿಕ್ಕಿಸಿಕೊಂಡು ಉದ್ದಣ್ಣನ ತೋಳು ಹಿಡಿದು ನಡೆದುಬಿಟ್ಟಳು. ಬೈಗುಳಕ್ಕೆಂದು ಕಾದು ನಿಂತಿದ್ದ ಹದ್ದಕ್ಕನಿಗೆ ಅದೂ ದಕ್ಕಲಿಲ್ಲ.

"ಬಾ, ಬಸ್ಸು ಬಂತು," ಎಂದಳು ತಂಗಿ.

ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟು ಸಿಕ್ಕಿತು. ಕಿಟಕಿಯ ಪಕ್ಕ ತಂಗಿ. ಅವಳು ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಕೂತಿದ್ದಳು, ಪ್ಯಾಕಿಂಗ್ ಹಾಲ್‌ನಲ್ಲಿ ಎಲ್ಲರೂ ಕೂರುವ ಹಾಗೆ.

"ಒಂದು ಕೇಳ್ತೀನಿ, ನಿಜ ಹೇಳು," ಎಂದಳು ಸ್ವಲ್ಪ ಹೊತ್ತಿನ ಮೇಲೆ. "ನನ್ನ ಹೆಸರು ಕಣ್ಣಿಗೆ ಬಿದ್ದಿದ್ರೆ ಬಿಡ್ತಿದ್ಯಾ?"

ಬಿಡುತ್ತಿದ್ದೆ ಎನ್ನುವ ಮಾತು ಹದ್ದಕ್ಕನ ತುಟಿಯವರೆಗೆ ಬಂತು. ನಿನ್ನೆಯಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದುದೂ ಅದನ್ನೇ. ಆದರೆ ಕುರ್ಚಿಯ ಹಿಂದೆ ನಿಂತ ಆ ಉಸಿರು ಮತ್ತೆ ಕತ್ತಿಗೆ ತಾಗಿತು. ಕೆಂಪಗೆ ಕೂತ ಪರದೆ, ಎಲ್ಲರೂ ತನ್ನ ಕೈಯನ್ನೇ ನೋಡುತ್ತಿದ್ದದ್ದು, ಆ ಹುರುಪು, ಎಲ್ಲವೂ ಕಣ್ಣೆದುರು ಬಂತು. ಹೆಸರು ಓದಿದ್ದರೆ ಕೈ ನಿಲ್ಲುತ್ತಿತ್ತೇ? ಅಥವಾ ಒಂದು ಗಳಿಗೆ ತಡೆದು, ಇದು ಬರೆದವರ ಕರ್ಮ ಎಂದುಕೊಂಡು ಮುಚ್ಚಿಬಿಡುತ್ತಿತ್ತೇ? ಆ ಕೈಯನ್ನು ಇಷ್ಟು ವರ್ಷ ಹೊಗಳಿಸಿಕೊಂಡವಳು ತಾನು. ಅದನ್ನು ನಂಬಿ ಆಣೆಯಿಡಲು ಅವಳಿಗೆ ಧೈರ್ಯ ಬರಲಿಲ್ಲ.

"ಗೊತ್ತಿಲ್ಲ," ಎಂದಳು.

ತಂಗಿ ತಲೆಯಾಡಿಸಿದಳು. ಸಿಟ್ಟಿನಿಂದಲ್ಲ; ಲೆಕ್ಕ ತಾಳೆಯಾದವರ ಹಾಗೆ. ಮುಂದಿನ ನಿಲ್ದಾಣ ಅವರದಲ್ಲ. ಬಸ್ಸು ನಿಂತಾಗ ತಂಗಿ ಎದ್ದಳು. ಹದ್ದಕ್ಕ ಮೊಣಕಾಲು ಸರಿಸಿ ದಾರಿ ಬಿಟ್ಟಳು.

"ಗಂಟಲಕ್ಕನ ಮನೇಲಿ ಎ‌ಲ್ಲರೂ ಸೇರ್ತಿದೀವಿ. ಮುಂದೇನು ಅಂತ ನೋಡ್ಬೇಕಲ್ಲ," ಎಂದಳು ತಂಗಿ. "ಅಮ್ಮನಿಗೆ ನೀನೇ ಹೇಳು. ಒಲೆ ಹತ್ರ ಬಿಡಬೇಡ."

ನಾನೂ ಬರಲಾ ಎಂದು ಹದ್ದಕ್ಕ ಕೇಳಲಿಲ್ಲ. ಬಾ ಎಂದು ತಂಗಿಯೂ ಅನ್ನಲಿಲ್ಲ. ಬಸ್ಸು ಹೊರಟಿತು. ರಸ್ತೆ ದಾಟುತ್ತಿದ್ದ ತಂಗಿ ಒಂದು ಕೈಯಿಂದ ಇನ್ನೊಂದು ಕೈಯನ್ನು ಉಜ್ಜಿಕೊಳ್ಳುತ್ತಾ, ಬಾಯಿಗೆ ಹಿಡಿದು ಊದಿಕೊಳ್ಳುತ್ತಾ ಹೋಗುವುದು ಕಿಟಕಿಯಿಂದ ಕಾಣುತ್ತಿತ್ತು. ಹೊರಗೆ ಸುಡುವ ಬಿಸಿಲಿತ್ತು.